ಹೋಗುವ ಕೆಲಸ ಒಂದು, ವೀಸಾ ಇನ್ನೊಂದು

ಓದುಗರ ಪ್ರಶ್ನೆ, ನಮ್ಮ ಉತ್ತರ

ವಿದೇಶ ಪ್ರಯಾಣ ಮತ್ತು ವಿದೇಶದ ಉದ್ಯೋಗದ ಬಗ್ಗೆ ಬಂದ ಪತ್ರಗಳಲ್ಲಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಏಳನ್ನು ಈ ಸಲ ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ. ಹಾಸನದಲ್ಲಿ ಕುಳಿತು ಬಹಳ ವರ್ಷಗಳಿಂದ ಇಂಥ ಅರ್ಜಿಗಳನ್ನು ತುಂಬಿಕೊಡುತ್ತಿರುವ ನನಗೆ ಈ ಪತ್ರಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಎದ್ದು ಕಂಡಿತು. ವೀಸಾ ಸಿಗುತ್ತದೆಯೇ ಎಂದು ಎಲ್ಲರೂ ಕೇಳಿದ್ದಾರೆ. ತಾವು ಮಾಡಹೊರಟ ಕೆಲಸಕ್ಕೆ ಆ ವೀಸಾ ಹೊಂದುತ್ತದೆಯೇ ಎಂದು ಕೇಳಿದವರು ಇಬ್ಬರೋ ಮೂವರೋ. ತೊಂದರೆಗೆ ಸಿಕ್ಕಿ ನನ್ನ ಬಳಿ ಬಂದವರಲ್ಲಿ ಹೆಚ್ಚಿನವರ ಕಥೆ ಈ ಎರಡನೆಯ ಪ್ರಶ್ನೆಯನ್ನು ಕೇಳದೆ ಬಿಟ್ಟಲ್ಲಿಂದಲೇ ಶುರುವಾಗಿರುತ್ತದೆ.

ಪ್ರಶ್ನೆ: ನಾವು ಕಾಫಿ ಬೆಳೆಗಾರರು. ಇಟಲಿಯ ಟ್ರಿಯೆಸ್ಟೆಯ ಖರೀದಿದಾರರೊಬ್ಬರು ನಮ್ಮ ರೊಬಸ್ಟಾದ ಮಾದರಿ ಮೆಚ್ಚಿ ಮಾತುಕತೆಗೆ ಕರೆದಿದ್ದಾರೆ. ಅಲ್ಲಿ ಆರು ದಿನ ಇದ್ದು, ಬಳಿಕ ಸ್ವಿಟ್ಜರ್ಲೆಂಡಿನಲ್ಲಿ ಮೂರು ದಿನದ ಕಾಫಿ ಪ್ರದರ್ಶನ ನೋಡಿಕೊಂಡು ಬರಬೇಕೆಂದಿದ್ದೇವೆ. ‘ಟೂರಿಸ್ಟ್ ಅಂತಲೇ ಹಾಕಿ, ಬೇಗ ಸಿಗುತ್ತದೆ’ ಎಂದು ಟ್ರಾವೆಲ್ಸ್‌ನವರು ಹೇಳುತ್ತಿದ್ದಾರೆ. ನಮ್ಮ ವರಮಾನ ಬಹುತೇಕ ಕೃಷಿಯದಾದ್ದರಿಂದ ತೆರಿಗೆ ರಿಟರ್ನ್‌ನಲ್ಲಿ ಕಾಣುವ ಮೊತ್ತ ಅತ್ಯಲ್ಪ. ಇದರಿಂದ ಅರ್ಜಿ ತಿರಸ್ಕಾರವಾಗುತ್ತದೆಯೇ?
(ಸಕಲೇಶಪುರ)

ಉತ್ತರ: ಮೊದಲು ಟ್ರಾವೆಲ್ಸ್‌ನವರ ಮಾತನ್ನು ಪಕ್ಕಕ್ಕಿಡಿ. ಯುರೋಪಿನ 29 ದೇಶಗಳು ಸೇರಿದ ಷೆಂಗೆನ್ ಪ್ರದೇಶಕ್ಕೆ ಅಲ್ಪಾವಧಿ ವೀಸಾ ಎಂಬುದು ಒಂದೇ; ಪ್ರವಾಸಿಗೂ ವ್ಯಾಪಾರಿಗೂ ಅದೇ ‘ಸಿ’ ವರ್ಗ, ವಯಸ್ಕರಿಗೆ ಅದೇ 90 ಯೂರೋ ಶುಲ್ಕ, ಅರ್ಜಿ ಇತ್ಯರ್ಥಕ್ಕೆ ಅದೇ 15 ದಿನಗಳ ಸಾಮಾನ್ಯ ಅವಧಿ. ಸಂದೇಹ ಬಂದರೆ ಆ ಅವಧಿ 45 ದಿನಗಳವರೆಗೂ ಹೋಗಬಹುದು. ಆದ್ದರಿಂದ ಟೂರಿಸ್ಟ್ ಎಂದು ಬರೆದರೆ ಬೇಗ ಸಿಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬೇರೆಯಾಗುವುದು ಅರ್ಜಿಯಲ್ಲಿರುವ ‘ಪ್ರಯಾಣದ ಉದ್ದೇಶ’ ಎಂಬ ಕಾಲಮ್ಮು ಮತ್ತು ಅದಕ್ಕೆ ತಕ್ಕ ಕಾಗದಗಳು ಮಾತ್ರ. ಪ್ರವಾಸಿ ಎಂದು ಬರೆದು ಹೋದವರ ಚೀಲದಲ್ಲಿ ಕಾಫಿ ಮಾದರಿಯ ಪೊಟ್ಟಣಗಳೂ ದರಪಟ್ಟಿಯೂ ಸಿಕ್ಕಿದರೆ, ಗಡಿಯ ಅಧಿಕಾರಿಗೆ ನೀವು ಹೇಳಬೇಕಾದ ಉತ್ತರ ನಿಮ್ಮದೇ ಅರ್ಜಿಗೆ ವಿರುದ್ಧವಾಗಿರುತ್ತದೆ. ವ್ಯಾಪಾರಕ್ಕೆ ಹೋಗುತ್ತಿದ್ದೀರಿ, ವ್ಯಾಪಾರ ಎಂದೇ ಬರೆಯಿರಿ. ಮಾತುಕತೆ ನಡೆಸುವುದು, ಮಾದರಿ ತೋರಿಸುವುದು, ಒಪ್ಪಂದಕ್ಕೆ ಸಹಿ ಹಾಕುವುದು, ಪ್ರದರ್ಶನ ನೋಡುವುದು ಇವೆಲ್ಲ ಅದರೊಳಗೇ ಬರುತ್ತವೆ. ಅಲ್ಲಿಯ ಯಾವುದಾದರೂ ಮಳಿಗೆಯಲ್ಲಿ ಸಂಬಳಕ್ಕೆ ನಿಂತು ಕೆಲಸ ಮಾಡುವುದು ಬರುವುದಿಲ್ಲ.

ಎರಡು ದೇಶಗಳಿಗೆ ಹೋಗುವಾಗ ಹೆಚ್ಚು ದಿನ ಇರುವ ದೇಶದವರಿಗೆ ಅರ್ಜಿ ಕೊಡಬೇಕು. ನಿಮ್ಮ ವಿಷಯದಲ್ಲಿ ಅದು ಇಟಲಿ. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದ ಸದಸ್ಯ ದೇಶವಲ್ಲದಿದ್ದರೂ ಷೆಂಗೆನ್ ವ್ಯವಸ್ಥೆಯೊಳಗೆ ಇರುವುದರಿಂದ ಪ್ರತ್ಯೇಕ ವೀಸಾ ಬೇಕಾಗಿಲ್ಲ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು, 15 ದಿನಕ್ಕಿಂತ ತಡವಾಗಬಾರದು. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು, ನೀವು ಅಲ್ಲಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟವಾದರೂ ಖಾಲಿ ಇರಬೇಕು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ.

ಇನ್ನು ನಿಮ್ಮ ನಿಜವಾದ ಆತಂಕಕ್ಕೆ ಬರೋಣ, ಏಕೆಂದರೆ ಮಲೆನಾಡಿನ ಬೆಳೆಗಾರರು ಎಡವುವ ಜಾಗ ಇದೇ. ಸಂಬಳದಾರರ ಮೂರು ವರ್ಷದ ರಿಟರ್ನ್ ನೋಡಿ ಅಭ್ಯಾಸವಾದ ಅಧಿಕಾರಿಗೆ, ಅರವತ್ತು ಎಕರೆ ತೋಟದ ಒಡೆಯರ ರಿಟರ್ನ್‌ನಲ್ಲಿ ಕಂಡ ಸಣ್ಣ ಮೊತ್ತ ಅರ್ಥವಾಗುವುದಿಲ್ಲ. ಅದನ್ನು ಅರ್ಥ ಮಾಡಿಸುವ ಹೊಣೆ ನಿಮ್ಮದು. ನಮ್ಮಲ್ಲಿ ತೋಟದಲ್ಲಿ ಬೆಳೆದ ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಸಂಸ್ಕರಿಸುವುದು) ಮಾಡಿಸಿ ಮಾರಿದರೆ ಆ ಆದಾಯದ ಶೇ 25 ಭಾಗ ಮಾತ್ರ ತೆರಿಗೆಗೆ ಒಳಪಡುವ ವ್ಯಾಪಾರದ ಆದಾಯ, ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಉಳಿದದ್ದು ಕೃಷಿ ಆದಾಯ. ಇದನ್ನು ಒಂದು ಪುಟದ ವಿವರಣಾ ಪತ್ರದಲ್ಲಿ, ಸಾಧ್ಯವಾದರೆ ಲೆಕ್ಕಪರಿಶೋಧಕರ ಸಹಿಯೊಂದಿಗೆ, ಇಂಗ್ಲಿಷಿನಲ್ಲಿ ಬರೆಸಿ ರಿಟರ್ನ್‌ನ ಮೇಲೆಯೇ ಇಡಿ. ಅದರ ಹಿಂದೆ ಪಹಣಿ ಮತ್ತು ಅದರ ಅನುವಾದ, ಕ್ಯೂರಿಂಗ್ ವರ್ಕ್ಸ್‌ನ ಔಟ್‌ಟರ್ನ್ ವರದಿ (ಕೊಟ್ಟ ಕಾಫಿಯಿಂದ ಎಷ್ಟು ಬೀಜ ಬಂತೆಂಬ ಲೆಕ್ಕ), ಮಾರಾಟದ ಬಿಲ್ಲುಗಳು, ಆ ಬಿಲ್ಲುಗಳ ಹಣ ಜಮೆಯಾಗಿರುವುದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್ ಬರಲಿ. ನೀವೇ ರಫ್ತು ಮಾಡುವವರಾದರೆ ಕಾಫಿ ಮಂಡಳಿಯ ರಫ್ತುದಾರ ನೋಂದಣಿ ಮತ್ತು ಆಮದು–ರಫ್ತು ಕೋಡ್ ಸೇರಿಸಿ. ಅರ್ಜಿಗೆ ಸ್ವಲ್ಪ ಮುಂಚೆ ಬಂಧುಗಳಿಂದ ದೊಡ್ಡ ಮೊತ್ತ ಪಡೆದು ಖಾತೆ ತುಂಬಿಸುವ ಪದ್ಧತಿಯನ್ನು ದಯವಿಟ್ಟು ಬಿಡಿ. ಪಿಕ್ಕಿಂಗ್ ಮುಗಿದು ಫೆಬ್ರುವರಿ, ಮಾರ್ಚಿನಲ್ಲಿ ಹಣ ಬರುವುದು, ಮಳೆಗಾಲದಲ್ಲಿ ಖಾತೆ ಇಳಿಯುವುದು ಕಾಫಿಯವರ ಖಾತೆಯ ಸಹಜ ಚಲನೆ. ಆ ಏರಿಳಿತವೇ ನೀವು ಬೆಳೆಗಾರರು ಎಂಬುದಕ್ಕೆ ಸಾಕ್ಷಿ. ಆರು ತಿಂಗಳ ಬದಲು ಒಂದು ವರ್ಷದ ಸ್ಟೇಟ್‌ಮೆಂಟ್ ಕೊಟ್ಟರೆ ಅದು ಪೂರ್ತಿ ಕಾಣುತ್ತದೆ.

ಆಹ್ವಾನ ಪತ್ರದಲ್ಲಿ ಖರೀದಿದಾರರು ನಿಮ್ಮನ್ನು ಯಾವ ದಿನಗಳಲ್ಲಿ, ಯಾವುದಕ್ಕಾಗಿ ಕರೆಯುತ್ತಿದ್ದಾರೆ, ಖರ್ಚು ಯಾರದು ಎಂಬ ಮೂರೂ ಇರಬೇಕು. ‘ಕಾಫಿ ವ್ಯವಹಾರದ ನಿಮಿತ್ತ’ ಎಂಬ ಒಂದು ಸಾಲಿನ ಪತ್ರಕ್ಕಿಂತ, ‘ಇಂಥ ತಾರೀಖಿನಂದು ಮಾದರಿಗಳ ಕಪ್ಪಿಂಗ್ (ರುಚಿ ಪರೀಕ್ಷೆ), ಮರುದಿನ ಗೋದಾಮಿನ ಭೇಟಿ’ ಎಂಬ ಪತ್ರಕ್ಕೆ ತೂಕ ಹೆಚ್ಚು.

ಕಡೆಯದಾಗಿ ದಿನಗಳ ಲೆಕ್ಕ. ಷೆಂಗೆನ್ ಪ್ರದೇಶದಲ್ಲಿ ಯಾವುದೇ 180 ದಿನಗಳೊಳಗೆ 90 ದಿನ ಮಾತ್ರ ಇರಬಹುದು, ಇಳಿದ ದಿನವನ್ನೂ ಹೊರಟ ದಿನವನ್ನೂ ಪೂರ್ತಿ ದಿನಗಳೆಂದೇ ಎಣಿಸುತ್ತಾರೆ. ನಿಮಗೆ ಸಿಗುವ ವೀಸಾ ಚೀಟಿಯಲ್ಲಿ ಇದಕ್ಕಿಂತ ಕಡಿಮೆ ದಿನ ನಮೂದಾಗಿದ್ದರೆ ಅದೇ ನಿಮ್ಮ ಮಿತಿ. 2025ರ ಅಕ್ಟೋಬರ್ 12ರಿಂದ ಆರಂಭವಾದ ಗಣಕೀಕೃತ ವ್ಯವಸ್ಥೆ ಪಾಸ್‌ಪೋರ್ಟಿನ ಮೊಹರಿನ ಬದಲು ಬೆರಳಚ್ಚು, ಮುಖದ ಚಿತ್ರಗಳ ಮೂಲಕ ಈ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಈ ವೀಸಾವನ್ನು ಕ್ರಮವಾಗಿ ಬಳಸಿದರೆ ಮುಂದೆ ನಿಮಗೇ ಅನುಕೂಲ: 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಅನ್ವಯಿಸಿರುವ ನಿಯಮದಂತೆ, ಮೂರು ವರ್ಷದೊಳಗೆ ಎರಡು ವೀಸಾಗಳನ್ನು ತಪ್ಪಿಲ್ಲದೆ ಬಳಸಿದವರಿಗೆ ಎರಡು ವರ್ಷದ, ಅನಂತರ ಐದು ವರ್ಷದ ಬಹುಪ್ರವೇಶ ವೀಸಾ ಕೊಡಲು ಅವಕಾಶವಿದೆ.

ಪ್ರಶ್ನೆ: ನನ್ನ ಮಗ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ. ದುಬೈಯ ಗೋದಾಮಿನಲ್ಲಿ ಕೆಲಸ ಕೊಡಿಸುತ್ತೇನೆಂದು ಒಬ್ಬ ಏಜೆಂಟ್ 1 ಲಕ್ಷ 20 ಸಾವಿರ ಕೇಳಿದ್ದಾನೆ. ಮೊದಲು ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಹೋದ ಮೇಲೆ ಕೆಲಸದ ವೀಸಾಕ್ಕೆ ಬದಲಿಸುತ್ತಾರೆ ಎನ್ನುತ್ತಾನೆ. ಕೊಬ್ಬರಿ ಮಾರಿದ ಹಣ ಇದೆ, ಉಳಿದದ್ದಕ್ಕೆ ಸಾಲ ಮಾಡಬೇಕು. ಕಳಿಸಬಹುದೇ?
(ಅರಸೀಕೆರೆ)

ಉತ್ತರ: ಅಮ್ಮ, ಈ ರೀತಿಯಲ್ಲಿ ಕಳಿಸಬೇಡಿ. ದುಬೈಗೆ ಕಳಿಸಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಆ ದೇಶದಲ್ಲಿ ದುಡಿದು ಊರಿನಲ್ಲಿ ಮನೆ ಕಟ್ಟಿದವರು ನಿಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಆದರೆ ಏಜೆಂಟ್ ಹೇಳಿದ ದಾರಿಯಲ್ಲಿ, ನಿಮ್ಮ ಮಗನಂಥವರಿಗಾಗಿಯೇ ಸರ್ಕಾರ ಕಟ್ಟಿರುವ ರಕ್ಷಣೆ ಯಾವುದೂ ಅವನಿಗೆ ಸಿಗುವುದಿಲ್ಲ.

ಮಗನ ಪಾಸ್‌ಪೋರ್ಟ್ ತೆಗೆದು, ತಂದೆ ತಾಯಿಯ ಹೆಸರು, ವಿಳಾಸ ಇರುವ ಪುಟವನ್ನು ನೋಡಿ. ಅಲ್ಲಿ ‘ಇಸಿಆರ್’ ಎಂಬ ಅರ್ಥದ ಇಂಗ್ಲಿಷ್ ನಮೂದು ಇರುತ್ತದೆ. ಹತ್ತನೇ ತರಗತಿ ಪಾಸಾಗದವರು ಕೆಲಸಕ್ಕಾಗಿ ಗೊತ್ತುಪಡಿಸಿದ 18 ದೇಶಗಳಿಗೆ ಹೋಗುವ ಮುನ್ನ ವಲಸೆ ಅನುಮತಿ ಪಡೆಯಬೇಕು ಎಂಬುದು ಅದರ ಅರ್ಥ. 1983ರ ವಲಸೆ ಕಾಯ್ದೆಯ ಅಡಿ ಮಾಡಿದ ಏರ್ಪಾಡು ಇದು. ಯುಎಇ, ಸೌದಿ ಅರೇಬಿಯಾ, ಕತಾರ್, ಕುವೈತ್, ಒಮಾನ್, ಬಹರೇನ್, ಮಲೇಷ್ಯಾ ಎಲ್ಲವೂ ಆ ಪಟ್ಟಿಯಲ್ಲಿವೆ. ಅನುಮತಿ ಕೊಡುವವರು ವಲಸಿಗರ ರಕ್ಷಣಾಧಿಕಾರಿ. ಅವರ ಕಚೇರಿ ಬೆಂಗಳೂರಿನಲ್ಲೇ ಇದೆ, ಅರ್ಜಿ ಇ–ಮೈಗ್ರೇಟ್ ಎಂಬ ಸರ್ಕಾರಿ ಜಾಲತಾಣದ ಮೂಲಕ ಹೋಗುತ್ತದೆ. ಅಲ್ಲಿ ಮಾಲೀಕನ ಹೆಸರು, ಸಂಬಳ, ಕರಾರು ದಾಖಲಾಗುತ್ತವೆ, ವಿಮೆ ಆಗುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ತೆರಿಗೆ ಬೇರೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದರೆ 10 ಲಕ್ಷ ರೂಪಾಯಿ ಬರುತ್ತದೆ. ವಿಸಿಟ್ ವೀಸಾದವರಿಗೆ ಈ ಅನುಮತಿ ಬೇಕಿಲ್ಲ. ಏಜೆಂಟರು ವಿಸಿಟ್ ವೀಸಾ ಹಿಡಿಯುವುದು ಇದೇ ಕಾರಣಕ್ಕೆ. ನಿಮ್ಮ ಮಗ ವಿಮಾನ ಹತ್ತಿದ ಮೇಲೆ ಸರ್ಕಾರದ ಪುಸ್ತಕದಲ್ಲಿ ಅವನೊಬ್ಬ ಪ್ರವಾಸಿ. ಅವನ ಮಾಲೀಕ ಯಾರು, ಸಂಬಳವೆಷ್ಟು ಎಂಬುದು ಎಲ್ಲಿಯೂ ಬರೆದಿರುವುದಿಲ್ಲ.

ಯುಎಇಯಲ್ಲಿ ಹೋದ ಮೇಲೆ ವೀಸಾ ಬದಲಿಸಬಹುದು ಎಂಬ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದು ಮಾಲೀಕನೊಬ್ಬ ಕಾರ್ಮಿಕ ಸಚಿವಾಲಯದಿಂದ ಕೆಲಸದ ಪರವಾನಗಿ ಪಡೆದಾಗ ಮಾತ್ರ. ಅದಕ್ಕೂ ಮುನ್ನ ಒಂದು ದಿನ ದುಡಿದರೂ ಕಾನೂನುಬಾಹಿರ. ಪರವಾನಗಿ ಇಲ್ಲದವರನ್ನು ದುಡಿಸುವ ಮಾಲೀಕರಿಗೆ 2024ರ ತಿದ್ದುಪಡಿಯಂತೆ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡವಿದೆ. ವೀಸಾದ ಅವಧಿ ಮೀರಿ ಉಳಿದವರಿಗೆ ದಿನಕ್ಕೆ 50 ದಿರ್ಹಂ ದಂಡ ಏರುತ್ತಾ ಹೋಗುತ್ತದೆ.

ಹಿಂದೆ ಒಬ್ಬ ಹುಡುಗ ತನ್ನ ‘ಕೆಲಸದ ವೀಸಾ’ ಎಂದು ಒಂದು ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ, ಅಂಗಿಯ ಒಳಜೇಬಿನಿಂದ ತೆಗೆದು ನನ್ನ ಮೇಜಿನ ಮೇಲಿಟ್ಟಿದ್ದ. ಮೇಲ್ಗಡೆಯೇ ಇಂಗ್ಲಿಷಿನಲ್ಲಿ ಪ್ರವಾಸಿ, 60 ದಿನ, ಒಂದೇ ಪ್ರವೇಶ ಎಂದು ಅಚ್ಚಾಗಿತ್ತು. ಅದನ್ನು ಓದಿ ಹೇಳಿದಾಗ ಅವನು ಕಾಗದವನ್ನು ತನ್ನತ್ತ ತಿರುಗಿಸಿಕೊಂಡು, ಆ ಅಕ್ಷರಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತ. ಹಣ ಆಗಲೇ ಕೊಟ್ಟಾಗಿತ್ತು. ಆ ಬೆರಳು ಈಗಲೂ ನನ್ನ ಕಣ್ಣ ಮುಂದಿದೆ. ಆದ್ದರಿಂದಲೇ ನಿಮಗೆ ಇಷ್ಟು ಉದ್ದವಾಗಿ ಬರೆಯುತ್ತಿದ್ದೇನೆ.

ಸರಿಯಾದ ದಾರಿ ಹೀಗಿದೆ. ಏಜೆಂಟ್ ನೋಂದಾಯಿತನೇ ಎಂಬುದನ್ನು ಇ–ಮೈಗ್ರೇಟ್ ತಾಣದ ಪಟ್ಟಿಯಲ್ಲಿ ಅವನ ಸಂಸ್ಥೆಯ ಹೆಸರು, ಪರವಾನಗಿ ಸಂಖ್ಯೆ ಎರಡನ್ನೂ ಹಾಕಿ ನೋಡಿಸಿ. ನೋಂದಾಯಿತ ಸಂಸ್ಥೆಯ ‘ನಮ್ಮ ಕಡೆಯವರು’ ಎಂದು ಹೇಳಿಕೊಳ್ಳುವ ಉಪಏಜೆಂಟರಿಗೆ ಯಾವ ಮಾನ್ಯತೆಯೂ ಇಲ್ಲ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೆ ರಸೀದಿ ಕೊಡಲೇಬೇಕು. ನಿಮ್ಮಿಂದ ಕೇಳಿರುವ ಮೊತ್ತ ಅದರ ಮೂರು ಪಟ್ಟಿಗಿಂತ ಹೆಚ್ಚು. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚನ್ನು ಕಾರ್ಮಿಕನಿಂದ ವಸೂಲು ಮಾಡುವಂತಿಲ್ಲ, ಅವನ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವಂತಿಲ್ಲ, ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ಹೊರಡುವ ಮುನ್ನ ಅಲ್ಲಿಯ ಸಚಿವಾಲಯದ ನಮೂನೆಯ ಆಫರ್ ಪತ್ರ ಕೈಗೆ ಬರಬೇಕು. ಅದು ಅರಬ್ಬಿ, ಇಂಗ್ಲಿಷ್‌ಗಳ ಜೊತೆಗೆ ಹಿಂದಿ, ಮಲಯಾಳಂ, ತಮಿಳುಗಳಲ್ಲೂ ಸಿಗುತ್ತದೆ. ಕನ್ನಡದಲ್ಲಿ ಇಲ್ಲ ಎಂಬುದು ನನಗೆ ಬೇಸರದ ಸಂಗತಿ. ಆದ್ದರಿಂದ ಓದಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂಲ ವೇತನ ಎಷ್ಟು, ಭತ್ಯೆ ಎಷ್ಟು, ವಸತಿ ಯಾರದು, ದಿನಕ್ಕೆ ಎಷ್ಟು ಗಂಟೆ ಕೆಲಸ ಎಂಬುದನ್ನು ಮಗನಿಗೆ ಕನ್ನಡದಲ್ಲಿ ಹೇಳಿಸಿ, ಆಮೇಲೆ ಸಹಿ ಹಾಕಿಸಿ.

ಇನ್ನೂ ಒಂದು ಮಾತು. ಅವನು ಎಸ್ಸೆಸ್ಸೆಲ್ಸಿಯ ಉಳಿದ ವಿಷಯಗಳನ್ನು ಮತ್ತೆ ಕಟ್ಟಿ ಪಾಸು ಮಾಡಿದರೆ, ಅಂಕಪಟ್ಟಿ ತೋರಿಸಿ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ ಆ ನಮೂದನ್ನೇ ತೆಗೆಸಬಹುದು. ಏಜೆಂಟನಿಗೆ ಕೊಡಲು ಮಾಡುವ ಸಾಲಕ್ಕಿಂತ ಪರೀಕ್ಷೆಯ ಶುಲ್ಕ ಬಹಳ ಕಡಿಮೆ.

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಅಮೆರಿಕದ ಗ್ರಾಹಕರ ಕಚೇರಿಯಲ್ಲಿ ಮೂರು ತಿಂಗಳು ಕುಳಿತು ಪ್ರಾಜೆಕ್ಟ್ ಮುಗಿಸಿ ಬರಲು ಹೇಳಿದ್ದಾರೆ. ನನ್ನ ಬಳಿ ಹತ್ತು ವರ್ಷದ ಬಿ–1 ವೀಸಾ ಇದೆ. ಮ್ಯಾನೇಜರ್ ‘ಮೀಟಿಂಗ್‌ಗೆ ಎಂದು ಹೇಳಿದರೆ ಸಾಕು’ ಎನ್ನುತ್ತಾರೆ.
(ಹಾಸನ)

ಉತ್ತರ: ಸಾಲದು. ಬಿ–1 ವೀಸಾದಲ್ಲಿ ಸಭೆ, ಸಮಾಲೋಚನೆ, ಒಪ್ಪಂದದ ಮಾತುಕತೆ, ಸಮ್ಮೇಳನ ಇವಕ್ಕೆ ಹೋಗಬಹುದು. ಗ್ರಾಹಕರ ಕಚೇರಿಯಲ್ಲಿ ಕುಳಿತು ಮೂರು ತಿಂಗಳು ಕೋಡ್ ಬರೆದು ಕೊಡುವುದು ಅಲ್ಲಿಯ ಉದ್ಯೋಗಿಯೊಬ್ಬರು ಮಾಡಬೇಕಾದ ಕೆಲಸ. ಸಂಬಳ ಬೆಂಗಳೂರಿನಲ್ಲೇ ಜಮೆಯಾಗುತ್ತದೆ ಎಂಬ ಕಾರಣಕ್ಕೆ ಅದರ ಸ್ವರೂಪ ಬದಲಾಗುವುದಿಲ್ಲ. 2013ರಲ್ಲಿ ಬೆಂಗಳೂರಿನ ದೊಡ್ಡ ಐಟಿ ಕಂಪನಿಯೊಂದು, ಬಿ–1 ವೀಸಾದ ಬಳಕೆಯೂ ಸೇರಿದ ಆರೋಪಗಳ ಪ್ರಕರಣವನ್ನು ಇತ್ಯರ್ಥಪಡಿಸಿಕೊಳ್ಳಲು 3.4 ಕೋಟಿ ಡಾಲರ್ ಕಟ್ಟಿತು. ವಂಚನೆಯ ಆರೋಪವನ್ನು ಕಂಪನಿ ಒಪ್ಪಿಕೊಳ್ಳಲಿಲ್ಲ. ಕಂಪನಿಗೆ ಅದು ಹಣದ ನಷ್ಟ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಿಂತು ತಪ್ಪು ಹೇಳಿಕೆ ಕೊಡುವವರು ನೀವು. ವೀಸಾ ಅಥವಾ ಪ್ರವೇಶ ಪಡೆಯಲು ಮಹತ್ವದ ಸಂಗತಿಯನ್ನು ಮರೆಮಾಚಿದರೆಂದು ದಾಖಲಾದರೆ, ಅಮೆರಿಕದ ಕಾನೂನಿನಲ್ಲಿ ಅದು ಜೀವನಪರ್ಯಂತ ಪ್ರವೇಶ ನಿರಾಕರಣೆಗೆ ಕಾರಣವಾಗುತ್ತದೆ; ಆ ನಿರಾಕರಣೆ ನಿಮಗೆ, ಮ್ಯಾನೇಜರರಿಗಲ್ಲ.

ಹತ್ತು ವರ್ಷದ ವೀಸಾ ಎಂಬ ಭರವಸೆಯ ಬಗ್ಗೆಯೂ ಎಚ್ಚರವಿರಲಿ. ಅದು ಬಾಗಿಲಿಗೆ ಹೋಗಿ ನಿಲ್ಲುವ ಅವಕಾಶವಷ್ಟೇ. ಎಷ್ಟು ದಿನ ಇರಬಹುದು ಎಂಬುದನ್ನು ಇಳಿದಾಗ ದಾಖಲಾಗುವ ಐ–94 ಎಂಬ ಪ್ರವೇಶ ದಾಖಲೆ ನಿರ್ಧರಿಸುತ್ತದೆ. ಕೆಲಸಕ್ಕೆಂದೇ ಹೋಗುವುದಾದರೆ ಎಚ್–1ಬಿ ಎಂಬ ಉದ್ಯೋಗ ವೀಸಾ ಅಥವಾ, ನಿಮ್ಮ ಕಂಪನಿಗೆ ಅಲ್ಲಿ ಶಾಖೆಯಿದ್ದು ನಿಮ್ಮ ಹುದ್ದೆ ಹೊಂದಿದರೆ, ಎಲ್–1 ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಬರುವವರ ಹೊಸ ಎಚ್–1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಪಾವತಿಯ ಆದೇಶ ಬಂದ ಮೇಲೆ ಬಿ–1ರಲ್ಲೇ ಕೆಲಸ ಮುಗಿಸುವ ಆಸೆ ಕಂಪನಿಗಳಿಗೆ ಹೆಚ್ಚುವುದು ಸಹಜ. ಅಲ್ಲಿ ಮಾಡುವ ಕೆಲಸದ ವಿವರವನ್ನು ಇಮೇಲ್‌ನಲ್ಲಿ ಬರೆದುಕೊಡುವಂತೆ ಕಂಪನಿಯ ವಲಸೆ ವಿಭಾಗವನ್ನು ಕೇಳಿ. ಬರೆದುಕೊಡಲು ಅವರು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಂತೆ.

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ, ತಿಂಗಳಿಗೆ 80 ಸಾವಿರ, ವೀಸಾ ಬೇಕಿಲ್ಲ, ಟಿಕೆಟ್ ಅವರದೇ ಎಂದು ಟೆಲಿಗ್ರಾಂನಲ್ಲಿ ಬಂದಿದೆ. ಸಂದರ್ಶನ ಹತ್ತು ನಿಮಿಷದಲ್ಲಿ ಮುಗಿಯಿತು.
(ಕಡೂರು)

ಉತ್ತರ: ಹೋಗಬೇಡಿ. ವೀಸಾ ಇಲ್ಲದೆ ಭಾರತೀಯರಿಗೆ ಥಾಯ್ಲೆಂಡ್ ಕೊಡುವ ಪ್ರವೇಶ ಪ್ರವಾಸಕ್ಕೆ, ಹೆಚ್ಚೆಂದರೆ ಅಲ್ಪಾವಧಿಯ ವ್ಯವಹಾರದ ಭೇಟಿಗೆ. ಉದ್ಯೋಗಕ್ಕೆ ‘ಬಿ’ ವರ್ಗದ ವೀಸಾ ಮತ್ತು ಕೆಲಸದ ಪರವಾನಗಿ ಎರಡೂ ಬೇಕು. ಇಂಥದೇ ಮಾತು ನಂಬಿ ಹೋದವರನ್ನು ಬ್ಯಾಂಕಾಕಿನಿಂದ ರಸ್ತೆಯಲ್ಲಿ ಗಡಿ ದಾಟಿಸಿ, ಮ್ಯಾನ್ಮಾರಿನ ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿ ದುಡಿಸಿದ್ದಾರೆ. 2025ರ ಮಾರ್ಚ್‌ನಲ್ಲಿ ಅಂಥ 500ಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡಿನ ಮೇ ಸೋಟ್‌ನಿಂದ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಬಂದಿರುವ ಸಂದೇಶಗಳನ್ನು ಅಳಿಸದೆ ಸೈಬರ್ ಅಪರಾಧ ಠಾಣೆಗೆ ಕೊಡಿ. ನಿಮ್ಮ ಜೊತೆ ಓದಿದವರಿಗೂ ಇದೇ ಸಂದೇಶ ಹೋಗಿರುತ್ತದೆ, ಅವರಿಗೂ ಇವತ್ತೇ ತಿಳಿಸಿ.

ಪ್ರಶ್ನೆ: ನಾನು ಜಿಎನ್‌ಎಂ ನರ್ಸ್. ಬ್ರಿಟನ್ನಿನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಪ್ರಾಯೋಜಕತ್ವದ ಸರ್ಟಿಫಿಕೇಟ್ ಕೊಡಿಸಲು 15 ಲಕ್ಷ ಕೇಳುತ್ತಿದ್ದಾರೆ.
(ಚಿಕ್ಕಮಗಳೂರು)

ಉತ್ತರ: ವಿದೇಶದಿಂದ ಹೊಸದಾಗಿ ಆರೈಕೆ ಕಾರ್ಯಕರ್ತರನ್ನು ಕರೆಸಿಕೊಳ್ಳುವ ಆ ದಾರಿಯನ್ನು ಬ್ರಿಟನ್ 2025ರ ಜುಲೈ 22ರಿಂದ ಮುಚ್ಚಿದೆ. ಆದ್ದರಿಂದ ಇಲ್ಲದ ವಸ್ತುವನ್ನು ನಿಮಗೆ ಮಾರುತ್ತಿದ್ದಾರೆ. ಆ ಸರ್ಟಿಫಿಕೇಟ್ ಕೂಡ ಕೈಗೆ ಸಿಗುವ ಕಾಗದವಲ್ಲ. ಮಾಲೀಕರು ಗಣಕದಲ್ಲಿ ದಾಖಲಿಸುವ ಒಂದು ಸಂಖ್ಯೆ. ಅದರ ಶುಲ್ಕವನ್ನು ಕೆಲಸಗಾರರ ಮೇಲೆ ಹೇರಬಾರದೆಂದು ಅಲ್ಲಿಯ ನಿಯಮವಿದೆ.

ನೋಂದಾಯಿತ ನರ್ಸ್ ಆಗಿ ಹೋಗುವ ದಾರಿ ತೆರೆದೇ ಇದೆ. ಅದಕ್ಕೆ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಥವಾ ಒಇಟಿ, ಅಲ್ಲಿಯ ನರ್ಸಿಂಗ್ ಮಂಡಳಿಯ ನೋಂದಣಿ ಪ್ರಕ್ರಿಯೆ, ನಮ್ಮ ರಾಜ್ಯದ ನರ್ಸಿಂಗ್ ಪರಿಷತ್ತಿನ ದೃಢೀಕರಣ, ಕ್ಷಯ ರೋಗದ ಪರೀಕ್ಷೆ ಬೇಕು. ಸಮಯ ಹಿಡಿಯುತ್ತದೆ, ಆದರೆ ಹಂತ ಹಂತವಾಗಿ ಕಟ್ಟುವ ಶುಲ್ಕಗಳಿಗೆಲ್ಲ ರಸೀದಿ ಇರುತ್ತದೆ. ಪ್ರಾಯೋಜಕ ಪರವಾನಗಿ ಇರುವ ಮಾಲೀಕರ ಪಟ್ಟಿಯನ್ನು ಬ್ರಿಟನ್ ಸರ್ಕಾರ ಬಹಿರಂಗವಾಗಿಯೇ ಪ್ರಕಟಿಸುತ್ತದೆ; ಯಾವ ಆಸ್ಪತ್ರೆಯ ಹೆಸರು ಹೇಳಿದರೂ ಅಲ್ಲಿ ಹುಡುಕಿ ನೋಡಿ.

ಪ್ರಶ್ನೆ: ನಮ್ಮದು ತೋಟದ ನಡುವಿನ ಹೋಮ್‌ಸ್ಟೇ. ಫ್ರಾನ್ಸಿನಿಂದ ಬಂದಿರುವ ಯುವತಿಯೊಬ್ಬರು ಎರಡು ತಿಂಗಳು ಇದ್ದು ಅತಿಥಿಗಳಿಗೆ ತೋಟ ತೋರಿಸುವುದು, ಫೋಟೊ ತೆಗೆಯುವುದು ಮಾಡುತ್ತೇನೆ, ಸಂಬಳ ಬೇಡ, ಊಟ ವಸತಿ ಸಾಕು ಎನ್ನುತ್ತಾರೆ. ಅವರದು ಇ–ಟೂರಿಸ್ಟ್ ವೀಸಾ. ಇಟ್ಟುಕೊಳ್ಳಬಹುದೇ? ಹಾಗೆಯೇ ಆಸ್ಟ್ರೇಲಿಯಾದ ರೋಸ್ಟರ್ (ಕಾಫಿ ಹುರಿದು ಮಾರುವವರು) ಒಬ್ಬರು ಕಾಫಿ ಖರೀದಿಗೆ ಬರುವವರಿದ್ದಾರೆ.
(ಮೂಡಿಗೆರೆ)

ಉತ್ತರ: ವಿದೇಶಕ್ಕೆ ಹೋಗುವವರ ಪತ್ರಗಳ ನಡುವೆ, ಇಲ್ಲಿಗೆ ಬರುವವರ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು, ನಿಯಮದ ತಿರುಳು ಎರಡೂ ಕಡೆ ಒಂದೇ. ಪ್ರವಾಸಿ ವೀಸಾದಲ್ಲಿ ಸ್ವಯಂಸೇವೆಗೆ ಭಾರತ ಅವಕಾಶ ಕೊಟ್ಟಿದೆ, ಆದರೆ ಅದು ಗರಿಷ್ಠ ಒಂದು ತಿಂಗಳು, ಅದೂ ಹಣವಾಗಲಿ ಬೇರಾವುದೇ ರೂಪದ ಪ್ರತಿಫಲವಾಗಲಿ ಇಲ್ಲದಿದ್ದರೆ ಮಾತ್ರ. ನಿಮ್ಮ ಏರ್ಪಾಟಿನಲ್ಲಿ ಎರಡು ತಿಂಗಳ ಅವಧಿಯೂ ಮಿತಿ ಮೀರುತ್ತದೆ, ಊಟ ವಸತಿಯೂ ಪ್ರತಿಫಲವಾಗುತ್ತದೆ. ನೀವು ದಿನಬಾಡಿಗೆಗೆ ಕೊಡುವ ಕೋಣೆಯನ್ನೇ ಕೆಲಸಕ್ಕೆ ಬದಲಾಗಿ ಕೊಡುತ್ತಿದ್ದೀರಿ. ಉದ್ಯೋಗ ವೀಸಾ ಕೊಡಿಸೋಣವೆಂದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು ಅದಕ್ಕೆ ವರ್ಷಕ್ಕೆ ಕನಿಷ್ಠ 16.25 ಲಕ್ಷ ರೂಪಾಯಿ ಸಂಬಳ ಇರಬೇಕು. ಹೋಮ್‌ಸ್ಟೇಯಿಂದ ಆಗುವ ಮಾತಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ವೀಸಾದ ಷರತ್ತು ಮುರಿದವರಿಗೆ ಮೂರು ವರ್ಷದವರೆಗೆ ಸೆರೆ, 3 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಆ ಯುವತಿಯನ್ನು ಅತಿಥಿಯಾಗಿ ಇಟ್ಟುಕೊಳ್ಳಿ; ಬಾಡಿಗೆಯಲ್ಲಿ ರಿಯಾಯಿತಿ ಕೊಡುವ ಮನಸ್ಸಿದ್ದರೆ ಕೊಡಿ, ಅದನ್ನು ಕೆಲಸಕ್ಕೆ ಗಂಟು ಹಾಕಬೇಡಿ.

ಆಸ್ಟ್ರೇಲಿಯಾದವರು ಇ–ಬಿಸಿನೆಸ್ ವೀಸಾ ಪಡೆದು ಬರಲಿ. ಅದು ಒಂದು ವರ್ಷದ ಬಹುಪ್ರವೇಶ ವೀಸಾ, ಬೆಂಗಳೂರು ಅಥವಾ ಮಂಗಳೂರಿನಲ್ಲಿ ಇಳಿಯಬಹುದು, ಖರೀದಿ ಮತ್ತು ಮಾತುಕತೆ ಅದರ ವ್ಯಾಪ್ತಿಯಲ್ಲೇ ಬರುತ್ತವೆ. ಅರ್ಜಿಯನ್ನು ಸರ್ಕಾರದ ತಾಣದಲ್ಲೇ ಹಾಕಲು ಹೇಳಿ. ಅದೇ ರೂಪದ ಖಾಸಗಿ ತಾಣಗಳು ಹೆಚ್ಚು ಹಣ ಕಿತ್ತುಕೊಳ್ಳುತ್ತವೆ, ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯೇ ಎಂದು ನೋಡುವುದು ಸುಲಭದ ಪರೀಕ್ಷೆ. ಇಬ್ಬರ ವಿಷಯದಲ್ಲೂ ನಿಮ್ಮ ಕರ್ತವ್ಯ ಒಂದಿದೆ: ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ, ನಾವೆಲ್ಲ ‘ಫಾರ್ಮ್ ಸಿ’ ಎಂದು ಕರೆಯುತ್ತಾ ಬಂದಿರುವ ವರದಿಯನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಎರಡು ದಿನ ಇಲ್ಲದಿರುವುದು ನಿಮ್ಮ ಕಡೆ ಮಾಮೂಲು. ಆದ್ದರಿಂದ ಕಾಯ್ದಿರಿಸುವಾಗಲೇ ಅತಿಥಿಗಳಿಂದ ಪಾಸ್‌ಪೋರ್ಟ್, ವೀಸಾ ಪುಟಗಳ ಪ್ರತಿ ತರಿಸಿಕೊಂಡಿರಿ; ಅವರು ಬಂದಿಳಿದ ದಿನವೇ ಪೇಟೆಗೆ ಹೋದವರಿಂದಾದರೂ ತುಂಬಿಸಬಹುದು.

ಪ್ರಶ್ನೆ: ನಾವು ಹಕ್ಕಿಪಿಕ್ಕಿ ಸಮುದಾಯದವರು. ನಮ್ಮವರು ಬಹಳ ಕಾಲದಿಂದ ಆಫ್ರಿಕಾದ ದೇಶಗಳಿಗೆ ಹೋಗಿ ಗಿಡಮೂಲಿಕೆಯ ಎಣ್ಣೆ ಮಾರುತ್ತಾರೆ. ಹೆಚ್ಚಿನವರು ವಿಸಿಟ್ ವೀಸಾದಲ್ಲೇ ಹೋಗುವುದು. ಪೊಲೀಸರು ಹಿಡಿದರೆ ಸರಕು ಹೋಗುತ್ತದೆ, ದಂಡವೂ ಬೀಳುತ್ತದೆ. ಸರಿಯಾದ ವೀಸಾ ಯಾವುದು?
(ಅಂಗಡಿಹಳ್ಳಿ, ಬೇಲೂರು ತಾಲ್ಲೂಕು)

ಉತ್ತರ: ಕಾಡಿನ ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಂಡು ಖಂಡ ದಾಟಿ ವ್ಯಾಪಾರ ಮಾಡುವ ನಿಮ್ಮ ಸಾಹಸದ ಬಗ್ಗೆ ನನಗೆ ಗೌರವವಿದೆ, ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತೇನೆ. ನಿಮಗೆ ಬೇಕಾದ ಅನುಮತಿಗಳು ಮೂರು, ವೀಸಾ ಅವುಗಳಲ್ಲಿ ಒಂದು ಮಾತ್ರ. ದೇಶದೊಳಗೆ ಬರಲು ಒಂದು ಅನುಮತಿ, ಅಲ್ಲಿ ಕುಳಿತು ಬಿಡಿಯಾಗಿ ಮಾರಲು ಇನ್ನೊಂದು, ಎಣ್ಣೆಯಂಥ ವಸ್ತುವನ್ನು ಆಮದು ಮಾಡಿ ಮಾರಲು ಮತ್ತೊಂದು. ಬಿಸಿನೆಸ್ ವೀಸಾದಲ್ಲಿ ಹೋದರೂ ಸಾಮಾನ್ಯವಾಗಿ ಮೊದಲನೆಯದು ಮಾತ್ರ ಸಿಗುತ್ತದೆ: ಸಗಟು ಖರೀದಿದಾರರನ್ನು ಕಾಣಬಹುದು, ಬೆಲೆ ಮಾತಾಡಬಹುದು, ಸಂತೆಯಲ್ಲಿ ಹರಡಿ ಮಾರುವಂತಿಲ್ಲ. ಕೆನ್ಯಾದಲ್ಲಿ ವಿದೇಶಿಯರು ಸ್ವಂತ ವ್ಯಾಪಾರ ನಡೆಸಲು ‘ಜಿ’ ವರ್ಗದ ಪರವಾನಗಿ ಬೇಕು, ಅದಕ್ಕೆ 1 ಲಕ್ಷ ಡಾಲರ್ ಬಂಡವಾಳ ತೋರಿಸಬೇಕು. ನೈಜೀರಿಯಾದಲ್ಲಿ ಔಷಧಕ್ಕೂ ಸೌಂದರ್ಯವರ್ಧಕಕ್ಕೂ ನಾಫ್‌ಡಾಕ್ ಎಂಬ ಸರ್ಕಾರಿ ಸಂಸ್ಥೆಯ ನೋಂದಣಿ ಬೇಕು. ಒಂಟಿಯಾಗಿ ಹೋಗುವ ಸಣ್ಣ ವ್ಯಾಪಾರಿಗೆ ಇವು ನಿಲುಕುವಂಥವಲ್ಲ. ನಿಲುಕುವ ದಾರಿಯೆಂದರೆ ನಿಮ್ಮ ಊರಿನವರೆಲ್ಲ ಸೇರಿ ಒಂದು ಸಹಕಾರ ಸಂಘವಾಗಿಯೋ ಸಂಸ್ಥೆಯಾಗಿಯೋ ನೋಂದಾಯಿಸಿಕೊಂಡು, ಆಮದು–ರಫ್ತು ಕೋಡ್ ಪಡೆದು, ಎಣ್ಣೆಗೆ ಇಲ್ಲಿಯ ಪರವಾನಗಿ ಮತ್ತು ಲೇಬಲ್ ಮಾಡಿಸಿ, ಆ ದೇಶದ ವ್ಯಾಪಾರಿಗೆ ರಫ್ತು ಮಾಡುವುದು. ಆಗ ನಿಮ್ಮವರು ಬಿಸಿನೆಸ್ ವೀಸಾದಲ್ಲಿ ಹೋಗಿ ವಸೂಲಿ, ಮಾತುಕತೆ ಮುಗಿಸಿ ಬರುವುದು ಕಾನೂನಿನ ಒಳಗೇ ಇರುತ್ತದೆ.

ಅಲ್ಲಿಯವರೆಗೂ ಹೋಗುವವರು ಹೋಗುತ್ತಲೇ ಇರುತ್ತಾರೆ ಎಂಬುದು ನನಗೆ ಗೊತ್ತು; ಅವರಿಗಾಗಿ ಕೆಲವು ಮಾತು. ಹಳದಿ ಜ್ವರದ ಲಸಿಕೆಯನ್ನು ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ, ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಬೇಕು, ಏಕೆಂದರೆ ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಕಕ್ಕೆ ಹತ್ತನೆಯ ದಿನದಿಂದಷ್ಟೇ ಮಾನ್ಯತೆ. ಒಮ್ಮೆ ಹಾಕಿಸಿದರೆ ಜೀವನಪರ್ಯಂತ ನಡೆಯುತ್ತದೆ. ಅದಿಲ್ಲದೆ ಆ ಜ್ವರವಿರುವ ದೇಶದಿಂದ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿ ವ್ಯಾಪಾರಿಗಳು ಅಲ್ಲಿ ಸಿಕ್ಕಿಬಿದ್ದದ್ದು ನಿಮಗೆ ನೆನಪಿರುತ್ತದೆ. ಆಪರೇಷನ್ ಕಾವೇರಿಯಲ್ಲಿ ಒಟ್ಟು 3,862 ಭಾರತೀಯರನ್ನು ಕರೆತಂದರು. ಹೆಚ್ಚಿನವರು ಮೊದಲು ಪೋರ್ಟ್ ಸುಡಾನ್ ಬಂದರು ತಲುಪಬೇಕಿತ್ತು, ಅಲ್ಲಿಂದ ಜೆಡ್ಡಾಕ್ಕೆ. ಇಂಥ ಹೊತ್ತಿನಲ್ಲಿ ಯಾರು ಯಾವ ಊರಿನಲ್ಲಿದ್ದಾರೆ ಎಂಬುದು ರಾಯಭಾರ ಕಚೇರಿಗೆ ತಿಳಿದಿದ್ದರೆ ಮಾತ್ರ ಅವರು ಹುಡುಕಿ ಬರಲು ಸಾಧ್ಯ. ಆದ್ದರಿಂದ ಇಳಿದ ವಾರದೊಳಗೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು, ವಾಸದ ಜಾಗ, ಫೋನ್ ಸಂಖ್ಯೆ ಬರೆಸಿ. ವೀಸಾದ ಕೊನೆಯ ದಿನವನ್ನು ಮನೆಯವರೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಲಿ. ಪಾಸ್‌ಪೋರ್ಟನ್ನು ಗುಂಪಿನ ಮುಖಂಡನ ಚೀಲದಲ್ಲಿ ಒಟ್ಟಿಗೆ ಇಡುವ ರೂಢಿ ಬಿಟ್ಟು ಪ್ರತಿಯೊಬ್ಬರೂ ತಮ್ಮ ತಮ್ಮ ಬಳಿಯೇ ಇಟ್ಟುಕೊಳ್ಳಿ, ಅದರ ಮೊದಲ ಮತ್ತು ಕೊನೆಯ ಪುಟ, ವೀಸಾ ಪುಟ, ಲಸಿಕೆಯ ಪುಸ್ತಕ ಇಷ್ಟರ ಜೆರಾಕ್ಸನ್ನು ಅಂಗಡಿಹಳ್ಳಿಯ ಮನೆಯಲ್ಲೂ ಒಂದು ಕಡೆ ಇಟ್ಟು ಹೊರಡಿ.